ಎರೆರಾ: ಒಂದು ಕುಲನಾಮ, ಐದು ಟಿಪ್ಪಣಿ

ಯುರೋಪಿನ ಕಲಾವಿದರ ಕುರಿತು ಕನ್ನಡದಲ್ಲಿ ಕಿರುಪರಿಚಯ ಬರೆಯುವುದು ನನಗೆ ಬಲು ಪ್ರಿಯವಾದ ಕೆಲಸ. ಅದರಲ್ಲಿ ಅತಿ ಹೆಚ್ಚು ತಾಳ್ಮೆ ಬೇಡಿದ ಹೆಸರು ಸ್ಪೇನಿನ ಎರೆರಾ. ಈ ಕುಲನಾಮದ ಐವರು ಒಬ್ಬರೊಳಗೊಬ್ಬರು ಬೆರೆತುಹೋಗುತ್ತಾರೆ. ಇಂಗ್ಲಿಷ್ ಓದಿನ ಪ್ರಭಾವದಿಂದ ಹೆರೆರಾ ಎಂದು ಬರೆಯುವವರೂ ಉಂಟು, ಹುಡುಕುವಾಗ ಎರಡನ್ನೂ ನೋಡಬೇಕು.

ಕವಿ ಫೆರ್ನಾಂದೊ ದೆ ಎರೆರಾ, ವಾಸ್ತುಶಿಲ್ಪಿ ಹುವಾನ್ ದೆ ಎರೆರಾ ಇಬ್ಬರೂ ತೀರಿಕೊಂಡದ್ದು 1597ರಲ್ಲಿ. ಹಾಗಾಗಿ ಇಸವಿಯನ್ನು ನೆಚ್ಚದೆ, ಒಬ್ಬೊಬ್ಬರಿಗೂ ಒಂದು ಚೀಟಿ ಮಾಡಿ ಹುಟ್ಟೂರು, ಕಸುಬು, ತಂದೆತಾಯಿಯ ಹೆಸರು ಬರೆದುಕೊಂಡೆ. ಕವಿ ದಕ್ಷಿಣದ ಸೆವಿಲ್ಲೆಯವನು, ಹುವಾನ್ ಉತ್ತರದ ಕಾಂತಾಬ್ರಿಯಾದವನು. ದೊರೆ ಎರಡನೇ ಫಿಲಿಪ್‌ನ ಅರಮನೆಯೂ ಮಠವೂ ಆದ ಎಲ್ ಎಸ್ಕೋರಿಯಾಲ್ ಕಟ್ಟಡವನ್ನು 1563ರಲ್ಲಿ ಆರಂಭಿಸಿದ್ದು ಹುವಾನ್ ಬೌತಿಸ್ತಾ ದೆ ತೊಲೆದೊ. ಅವನು 1567ರಲ್ಲಿ ತೀರಿಹೋದ ಮೇಲೆ ಕೆಲಸ ಈ ಎರೆರಾನ ಕೈಗೆ ಬಂದು 1584ರಲ್ಲಿ ಮುಗಿಯಿತು.

ತಂದೆತಾಯಿಯ ಕಾಲಂ ಏಕೆ ಬೇಕೆಂಬುದು ಇತಿಹಾಸಕಾರ ಅಂತೋನಿಯೊ ದೆ ಎರೆರಾನಿಂದ ಸ್ಪಷ್ಟವಾಗುತ್ತದೆ. ಅವನ ತಂದೆಯ ಕುಲನಾಮ ತೋರ್ದೆಸಿಯಾಸ್, ತಾಯಿಯದು ಎರೆರಾ. ಚಿತ್ರಕಾರ ವೆಲಾಸ್ಕೆಸ್ ಪ್ರಸಿದ್ಧನಾದದ್ದೂ ತಾಯಿಯ ಹೆಸರಿನಿಂದಲೇ. ಆ ಕಾಲದಲ್ಲಿ ಯಾವ ಹೆಸರು ಇಟ್ಟುಕೊಳ್ಳಬೇಕೆಂಬುದು ಕಟ್ಟುನಿಟ್ಟಾಗಿರಲಿಲ್ಲ. ಎರೆರಾ ಎಂದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವಂತಿಲ್ಲ.

ನನ್ನ ಐದು ಚೀಟಿಗಳಲ್ಲಿ ರಕ್ತಸಂಬಂಧ ಖಚಿತವಾದದ್ದು ಇಬ್ಬರದು ಮಾತ್ರ: ಚಿತ್ರಕಾರ ಹಿರಿಯ ಫ್ರಾನ್ಸಿಸ್ಕೊ, ಅವನ ಮಗ ಕಿರಿಯ ಫ್ರಾನ್ಸಿಸ್ಕೊ. ಹಿರಿಯ, ಕಿರಿಯ ಎಂಬ ವಿಶೇಷಣ ಸ್ಪ್ಯಾನಿಷ್‌ನಲ್ಲೂ ರೂಢಿಯಲ್ಲಿದೆ, ಅದನ್ನು ಕೈಬಿಡಲೇಬಾರದು. ಮಗನ ಚಿತ್ರ ‘ಸಂತ ಎರ್ಮೆನೆಗಿಲ್ಡೊನ ವಿಜಯ’ (1654) ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದೆ. ಇದರ ಮುದ್ರಿತ ಪ್ರತಿಯನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ್ದೇನೆ. ಕವಚ ತೊಟ್ಟ ರಾಜಕುಮಾರ ಎರ್ಮೆನೆಗಿಲ್ಡೊ ಶಿಲುಬೆ ಎತ್ತಿ ಹಿಡಿದು, ಮೈ ತಿರುಚಿ, ಬೆಳಕಿನೊಳಗೆ ಮೇಲೇರುತ್ತಾನೆ. ಸುತ್ತ ದೇವದೂತರು. ಕೆಳಗೆ, ಮಗನ ಸಾವಿಗೆ ಕಾರಣನಾದ ತಂದೆ ಲೆಯೊವಿಗಿಲ್ಡೊ ಮತ್ತು ಬಿಷಪ್ ನೆರಳಿನಲ್ಲಿ ಮುದುಡಿ ಬಿದ್ದಿದ್ದಾರೆ. ಇಂಥ ಚಿತ್ರ ಬರೆದವನನ್ನು ಯಾರದೋ ಹೆಸರಿನ ಅಡಿಯಲ್ಲಿ ಸೇರಿಸಿಬಿಡುವುದು ಅನ್ಯಾಯ. ಅವನು ವಾಸ್ತುಶಿಲ್ಪಿಯೂ ಆಗಿದ್ದರಿಂದ ಹುವಾನ್‌ನೊಡನೆ ಬೆರೆತುಹೋಗುವ ಅಪಾಯ ಹೆಚ್ಚು. ಹುವಾನ್ ಸತ್ತ ಮೂವತ್ತು ವರ್ಷಕ್ಕೆ, 1627ರಲ್ಲಿ ಇವನು ಹುಟ್ಟಿದ.

ನೆಂಟಸ್ತಿಕೆ ಬಿಟ್ಟು ಊರನ್ನು ಹಿಡಿದಾಗ ನಿಜವಾದ ಕೊಂಡಿಗಳು ಸಿಕ್ಕವು. ಕವಿ ಎರೆರಾನ ಪದ್ಯಗಳನ್ನು 1619ರಲ್ಲಿ ಅಚ್ಚು ಹಾಕಿಸಿದ್ದು ವೆಲಾಸ್ಕೆಸ್‌ನ ಗುರುವೂ ಮಾವನೂ ಆದ ಪಾಚೆಕೊ. ಹುವಾನ್ ನಕ್ಷೆ ಮಾಡಿದ ಸೆವಿಲ್ಲೆಯ ವರ್ತಕರ ಭವನದಲ್ಲಿ, 1660ರಲ್ಲಿ, ಕಿರಿಯ ಫ್ರಾನ್ಸಿಸ್ಕೊ ಚಿತ್ರಕಾರ ಮುರಿಯೊನೊಡನೆ ಚಿತ್ರಕಲೆಯ ಅಕಾಡೆಮಿ ಆರಂಭಿಸಿದ. ಸ್ಪೇನಿನ ಅಮೆರಿಕ ವಸಾಹತುಗಳ ಇತಿಹಾಸ ಬರೆದವನು ಅಂತೋನಿಯೊ. ಆ ವಸಾಹತುಗಳ ಕಡತಗಳನ್ನು 1785ರಿಂದ ಕೂಡಿಸಿಟ್ಟಿದ್ದು ಅದೇ ಭವನದಲ್ಲಿ. ಈ ಐವರ ಪರಿಚಯವನ್ನು ನಾನು ವಂಶವೃಕ್ಷದಿಂದಲ್ಲ, ಸೆವಿಲ್ಲೆಯ ಆ ಕಟ್ಟಡದಿಂದ ಆರಂಭಿಸಿದೆ.