ಮಾಲ್ಡೀವ್ಸ್ ರೆಸಾರ್ಟಿನ ದಂಡೆಯಲ್ಲಿ ಮೀನೂಟ: ಏನು ಕೇಳಬೇಕು, ಏನು ತಿನ್ನಬೇಕು

ಮಾಲ್ಡೀವ್ಸ್‌ಗೆ ಹೊರಟವರು ವಿಲ್ಲಾ ನೀರಿನ ಮೇಲಿರಬೇಕಾ, ಮರಳಿನ ಮೇಲಿರಬೇಕಾ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಊಟದ ಮಾತು ಬಂದರೆ ಮಾತ್ರ "ಸಮುದ್ರದ ಮಧ್ಯೆ ಮೀನಿಗೇನು ಬರ" ಅಂದು ಮುಗಿಸಿಬಿಡುತ್ತಾರೆ. ಬರ ಇಲ್ಲ, ನಿಜ. ಆದರೆ ಅಲ್ಲಿನ ಮೆನುವಿನಲ್ಲಿರುವ ಎಷ್ಟೋ ಮೀನು ಆ ಸಮುದ್ರದ್ದೇ ಅಲ್ಲ. ಸಾಲ್ಮನ್ ತಣ್ಣೀರಿನ ಮೀನು, ದೂರದಿಂದ ವಿಮಾನದಲ್ಲಿ ಬರುತ್ತದೆ. ಸ್ಕ್ಯಾಲಪ್, ಆಯ್ಸ್ಟರ್ ಥರದ ಚಿಪ್ಪಿನ ಜೀವಿಗಳು ಹೊರಗಿನವು. ಸಿಗಡಿ ಹೆಚ್ಚಾಗಿ ಫ್ರೋಜನ್. ದೊಡ್ಡ ಕೊಂಡಿಯ ಏಡಿ ಕಂಡರೆ ಅದು ಶ್ರೀಲಂಕಾದಿಂದ ಬಂದಿರುವ ಸಾಧ್ಯತೆಯೇ ಜಾಸ್ತಿ. ಅಲ್ಲಿಯದೇ ಅಂತ ಧೈರ್ಯವಾಗಿ ಹೇಳಬಹುದಾದದ್ದು ಟ್ಯೂನಾ, ಹವಳದ ದಿಬ್ಬದ ಸುತ್ತ ಸಿಗುವ ಮೀನುಗಳು, ಆಮೇಲೆ ಲಾಬ್‌ಸ್ಟರ್.

ನಾನು ಮೀನು ತಿಂದೇ ಬೆಳೆದವಳು. ಕೆಲಸ ಲೆಕ್ಕಪತ್ರದ್ದು. ನಮ್ಮನೆಯವರು ಮೀನು ಮುಟ್ಟುವುದಿಲ್ಲ. ಈ ಮೂರೂ ಸೇರಿ ನನಗೆ ಅಭ್ಯಾಸವಾಗಿರುವ ಪ್ರಶ್ನೆ ಒಂದಿದೆ. ಮೆನು ತೆರೆಯುವ ಮೊದಲೇ ಕೇಳುತ್ತೇನೆ: "ಇವತ್ತು ದೋಣಿಯಲ್ಲಿ ಏನು ಬಂತು?" ಚೆನ್ನಾಗಿ ನಡೆಯುವ ಅಡುಗೆಮನೆಯಾದರೆ ಉತ್ತರ ತಕ್ಷಣ ಬರುತ್ತದೆ. "ಎಲ್ಲಾ ಫ್ರೆಶ್ ಮೇಡಂ" ಅಂತ ನಕ್ಕರೆ, ಒಳಗೆ ಹೋಗಿ ಕೇಳಿಕೊಂಡು ಬನ್ನಿ ಅನ್ನಿ. ಬೇಜಾರು ಮಾಡಿಕೊಳ್ಳುವುದಿಲ್ಲ, ಹೋಗಿ ಬರುತ್ತಾರೆ.

ಬುಕ್ ಮಾಡುವಾಗಲೇ ಮುಗಿಸಬೇಕಾದ ಕೆಲಸ

ಅಲ್ಲಿ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು. ರೇಟು ಜಾಸ್ತಿ ಅನ್ನಿಸಿತು ಅಂತ ಎದ್ದು ಪಕ್ಕದ ಹೋಟೆಲಿಗೆ ಹೋಗಲು ಆಗುವುದಿಲ್ಲ. ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ಹಾಗಾಗಿ ಊಟದ ಲೆಕ್ಕ ಮನೆಯಲ್ಲೇ ಮಾಡಬೇಕು.

ಹಾಫ್ ಬೋರ್ಡ್ (ಬೆಳಗಿನ ತಿಂಡಿ, ರಾತ್ರಿ ಊಟ), ಫುಲ್ ಬೋರ್ಡ್ (ಮೂರು ಹೊತ್ತಿನ ಊಟ) ಅಂದರೆ ಬಹಳ ಕಡೆ ದೊಡ್ಡ ಬಫೆ ರೆಸ್ಟೋರೆಂಟಿನ ಊಟ ಮಾತ್ರ. ದಂಡೆಯ ಮೇಲಿನ ಸೀಫುಡ್ ರೆಸ್ಟೋರೆಂಟು ಬೇರೆ ಲೆಕ್ಕ. ಕೆಲವು ಕಡೆ ಒಬ್ಬರಿಗೆ ಇಷ್ಟು ಡಾಲರ್ ಅಂತ ಕ್ರೆಡಿಟ್ ಕೊಡುತ್ತಾರೆ, ಮೇಲೆ ಆದದ್ದು ನಿಮ್ಮ ಜೇಬಿನಿಂದ. ಆಲ್ ಇನ್‌ಕ್ಲೂಸಿವ್ ಅಂತ ಇದ್ದರೂ ಲಾಬ್‌ಸ್ಟರ್‌ಗೆ ಬೇರೆ ದುಡ್ಡು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇಮೇಲ್ ಹಾಕಿ ಕೇಳಿ: ಆ ರೆಸ್ಟೋರೆಂಟು ನನ್ನ ಪ್ಯಾಕೇಜಿನಲ್ಲಿ ಇದೆಯಾ? ಕ್ರೆಡಿಟ್ ಎಷ್ಟು, ಒಂದು ರಾತ್ರಿ ಉಳಿದದ್ದು ಮುಂದಿನ ರಾತ್ರಿಗೆ ಸೇರುತ್ತದಾ? ವಾರದಲ್ಲಿ ಯಾವ ದಿನ ರಜೆ? ಉತ್ತರ ಬರಹದಲ್ಲೇ ಇರಲಿ. ಅಲ್ಲಿ ಹೋದ ಮೇಲೆ ಆ ಇಮೇಲ್ ತೋರಿಸಿ ಮಾತಾಡಬಹುದು.

ಇನ್ನೊಂದು ವಿಷಯ ಬೆಲೆಯ ಪಕ್ಕ ಇರುವ ಎರಡು ಪ್ಲಸ್ ಗುರುತು. ಒಂದು ಶೇ 10ರ ಸರ್ವೀಸ್ ಚಾರ್ಜ್, ಇನ್ನೊಂದು ಪ್ರವಾಸೋದ್ಯಮದ ಜಿಎಸ್‌ಟಿ. 2025ರ ಜುಲೈಯಿಂದ ಅದು ಶೇ 17. ಎರಡೂ ಕೂಡಿ ಶೇ 27 ಅಂದುಕೊಳ್ಳಬೇಡಿ. ಸರ್ವೀಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ ತೆರಿಗೆ ಬೀಳುತ್ತದೆ. 100 ಡಾಲರಿನ ಊಟಕ್ಕೆ ಮೊದಲು 110 ಆಗುತ್ತದೆ, ಅದರ ಮೇಲೆ ಶೇ 17 ಅಂದರೆ 18.70. ಒಟ್ಟು 128.70 ಡಾಲರ್. ಮೆನು ನೋಡುವಾಗಲೇ ಪ್ರತಿ ಬೆಲೆಗೂ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಸೇರಿಸಿ ಓದುವುದು ನನ್ನ ಪದ್ಧತಿ. ಬಿಲ್ ಬಂದಾಗ ಸ್ವಲ್ಪ ಕಮ್ಮಿಯೇ ಇರುತ್ತದೆ, ಮನಸ್ಸಿಗೆ ಸಮಾಧಾನ.

ವೈನ್, ಬಿಯರ್ ರೆಸಾರ್ಟಿನಲ್ಲಿ ಸಿಗುತ್ತದೆ. ಡ್ಯೂಟಿ ಫ್ರೀ ಅಂಗಡಿಯಿಂದ ಬಾಟಲಿ ತಂದರೆ ಏರ್‌ಪೋರ್ಟಿನಲ್ಲೇ ತಡೆಯುತ್ತಾರೆ.

ಯಾವ ಟೇಬಲ್, ಎಷ್ಟು ಹೊತ್ತಿಗೆ

ರಾಜಧಾನಿ ಮಾಲೆಯ ಗಡಿಯಾರ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ಆದರೆ ಬಹಳ ರೆಸಾರ್ಟುಗಳು ತಮ್ಮದೇ ಸಮಯ ಇಟ್ಟುಕೊಂಡಿವೆ, ಮಾಲೆಗಿಂತ ಒಂದು ಗಂಟೆ ಮುಂದೆ. ಅತಿಥಿಗಳಿಗೆ ಸಂಜೆ ಉದ್ದ ಸಿಗಲಿ ಅಂತ. ಫೋನು ಮಾತ್ರ ಮಾಲೆ ಸಮಯವನ್ನೇ ತೋರಿಸುತ್ತಿರುತ್ತದೆ. ಟೇಬಲ್ ಕಾದಿರಿಸುವಾಗ "ಇದು ದ್ವೀಪದ ಸಮಯವಾ?" ಅಂತ ಕೇಳಿಬಿಡಿ.

ಮಾಲೆ ಸಮಯದಲ್ಲಿ ಸೂರ್ಯ ಮುಳುಗುವುದು ವರ್ಷವಿಡೀ 6 ಗಂಟೆಯ ಆಸುಪಾಸು. ಸಮಭಾಜಕ ವೃತ್ತದ ಹತ್ತಿರವಾದ್ದರಿಂದ ಕತ್ತಲು ಬೇಗ ಕವಿಯುತ್ತದೆ. ಬಣ್ಣ ನೋಡಬೇಕು ಅಂದರೆ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲೇ ಕೂತಿರಬೇಕು. ಎಲ್ಲರೂ ಅದೇ ಹೊತ್ತಿಗೆ ಮುಗಿಬೀಳುತ್ತಾರೆ, ಹಾಗಾಗಿ ರೆಸಾರ್ಟ್ ತಲುಪಿದ ದಿನವೇ ಹೇಳಿಡಿ.

ಗಾಳಿಯ ವಿಷಯ ಯಾರೂ ಹೇಳುವುದಿಲ್ಲ. ಡಿಸೆಂಬರಿನಿಂದ ಏಪ್ರಿಲ್ ತನಕ ಗಾಳಿ ಈಶಾನ್ಯದಿಂದ ಬೀಸುತ್ತದೆ. ಆಗ ಪಶ್ಚಿಮದ ದಂಡೆ ತಣ್ಣಗೆ, ಸುಮ್ನೆ ಇರುತ್ತದೆ. ಮೇಯಿಂದ ಮುಂದೆ ನೈರುತ್ಯ ಮಾರುತ, ಗಾಳಿ ಮುಳುಗುವ ಸೂರ್ಯನ ಕಡೆಯಿಂದಲೇ ಮುಖಕ್ಕೆ ಹೊಡೆಯುತ್ತದೆ. ಆ ತಿಂಗಳುಗಳಲ್ಲಿ ನೀರಿನ ಪಕ್ಕದ ಮೊದಲ ಸಾಲಿನ ಟೇಬಲಿಗೆ ಆಸೆ ಪಡಬೇಡಿ. ತಟ್ಟೆಗೆ ಮರಳು, ದೀಪ ಆರಿಹೋಗುತ್ತದೆ, ಬಿಸಿ ಮೀನು ಎರಡೇ ನಿಮಿಷಕ್ಕೆ ಆರುತ್ತದೆ. ಎರಡನೇ ಸಾಲು, ತೆಂಗಿನ ಮರದ ಮರೆ ಉತ್ತಮ. ಮಳೆ ಬಂದರೆ ಒಳಗೆ ಜಾಗ ಇದೆಯಾ ಅಂತಲೂ ಕೇಳಿ. ಕಾಲಿಗೆ ಹೀಲ್ಸ್ ಬೇಡ, ಮರಳಿನಲ್ಲಿ ಹೂತುಕೊಳ್ಳುತ್ತದೆ. ಬರಿಗಾಲಲ್ಲಿ ಹೋದರೂ ಹೆಚ್ಚಿನ ಕಡೆ ಯಾರೂ ಏನೂ ಅನ್ನುವುದಿಲ್ಲ. ಒದ್ದೆ ಈಜುಡುಗೆ ಮಾತ್ರ ಬೇಡ.

ಐಸ್ ಮೇಲೆ ಮಲಗಿಸಿದ ಮೀನು

ಎಷ್ಟೋ ಕಡೆ ಬಾಗಿಲಲ್ಲೇ ಐಸ್ ಹಾಸಿ ಮೀನು ಜೋಡಿಸಿರುತ್ತಾರೆ. ಅದು ಫೋಟೋ ತೆಗೆಯಲು ಇಟ್ಟದ್ದು ಅಂತ ಜನ ದಾಟಿ ಹೋಗುತ್ತಾರೆ. ನಿಂತು ನೋಡಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಒಳಗೆ ಕುಸಿದು ಮಂಜಾಗಿದ್ದರೆ ಹಳೆಯದು. ಆದರೆ ಐಸ್ ತಾಗಿ ಕೆಲವು ಸಲ ತಾಜಾ ಮೀನಿನ ಕಣ್ಣೂ ಮಂಜಾಗುತ್ತದೆ. ಅದಕ್ಕೇ ನಾನು ಕಿವಿರು ನೋಡುತ್ತೇನೆ. ಒಂದು ಸಂಜೆ ಹೀಗೇ ಕೇಳಿದಾಗ ಗ್ರಿಲ್ ಹುಡುಗ ನಗುತ್ತಾ ಒಂದು ಕೆಂಪು ಸ್ನಾಪರ್ ಎತ್ತಿಕೊಂಡ. ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಸರಿಸಿ ದೀಪಕ್ಕೆ ಹಿಡಿದ. ಒಳಗೆ ಕುಂಕುಮ ಕಲಸಿಟ್ಟ ಹಾಗೆ ಕೆಂಪು. ಪಕ್ಕದ ಗ್ರೂಪರ್ ತೋರಿಸು ಅಂದೆ. ಸ್ವಲ್ಪ ಹಿಂದೆಮುಂದೆ ನೋಡಿ ಅದನ್ನೂ ತೆರೆದ. ಕಂದು ಬಣ್ಣ, ಅಂಟು ಅಂಟು. "ಸ್ನಾಪರ್ ತಗೊಳ್ಳಿ ಅಕ್ಕ" ಅಂದ, ಹಿಂದಿಯಲ್ಲಿ. ಆ ರಾತ್ರಿ ನನಗೆ ಬೇರೆ ಮೆನು ಬೇಕಾಗಲಿಲ್ಲ.

ಹವಳದ ದಿಬ್ಬದ ಮೀನು ತೆಗೆದುಕೊಳ್ಳುವುದಾದರೆ ಒಂದು ತಟ್ಟೆಯಲ್ಲಿ ಹಿಡಿಸುವಷ್ಟು ಗಾತ್ರದ್ದನ್ನು ಆರಿಸಿ. ಇದು ರುಚಿಯ ಮಾತಷ್ಟೇ ಅಲ್ಲ. ಹವಳದ ಜಾಗದ ಕೆಲವು ಸೂಕ್ಷ್ಮ ಪಾಚಿಗಳಲ್ಲಿ ವಿಷ ಇರುತ್ತದೆ. ಅದನ್ನು ತಿಂದ ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ, ವಿಷ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಸಿಗ್ವಾಟೆರಾ ಅನ್ನುವುದು ಇದನ್ನೇ. ಬೇಯಿಸಿದರೆ ಹೋಗುವುದಿಲ್ಲ, ವಾಸನೆಯಲ್ಲೂ ಗೊತ್ತಾಗುವುದಿಲ್ಲ. ದೊಡ್ಡ ಬ್ಯಾರಕುಡಾ, ಭಾರೀ ಗ್ರೂಪರ್ ಇವುಗಳಲ್ಲಿ ಅಪಾಯ ಜಾಸ್ತಿ. ಇಡೀ ಟೇಬಲಿಗೆ ಆಗುವಂಥ ದೈತ್ಯ ಮೀನನ್ನು ಮೆರವಣಿಗೆಯಲ್ಲಿ ತಂದರೆ ನಾನಂತೂ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತೇನೆ. ತಲೆ, ಕರುಳು, ಮೊಟ್ಟೆ ಎಲ್ಲ ಬಿಟ್ಟುಬಿಡಿ, ವಿಷ ಅಲ್ಲೇ ಹೆಚ್ಚು ಕೂಡುವುದು.

ಟ್ಯೂನಾ ವಿಷಯಕ್ಕೆ ಬಂದರೆ ಮಾಲ್ಡೀವ್ಸ್ ಬದುಕಿದ್ದೇ ಅದರಿಂದ. ಅಲ್ಲಿ ದೊಡ್ಡ ಬಲೆ ಬೀಸಿ ಟ್ಯೂನಾ ಹಿಡಿಯುವಂತಿಲ್ಲ. ಧೋನಿ ಅನ್ನುವ ಅಲ್ಲಿಯ ದೋಣಿಯ ಹಿಂಭಾಗದಲ್ಲಿ ಸಾಲಾಗಿ ನಿಂತು ಗಳದ ತುದಿಯ ಗಾಳದಿಂದ ಒಂದೊಂದೇ ಎತ್ತುತ್ತಾರೆ. ಆ ಗಾಳಕ್ಕೆ ಮುಳ್ಳಿರುವುದಿಲ್ಲ, ಎಳೆದ ರಭಸಕ್ಕೆ ಮೀನು ತಾನೇ ಕಳಚಿ ದೋಣಿಯೊಳಗೆ ಬೀಳುತ್ತದೆ. ಹಾಗೆ ಸಿಗುವುದು ಹೆಚ್ಚಾಗಿ ಸ್ಕಿಪ್‌ಜ್ಯಾಕ್ ಅನ್ನುವ ಸಣ್ಣ ಜಾತಿಯ ಟ್ಯೂನಾ. ರೆಸಾರ್ಟಿನಲ್ಲಿ ಸ್ಟೇಕ್ ಮಾಡುವ ದೊಡ್ಡ ಯೆಲ್ಲೋಫಿನ್ ಟ್ಯೂನಾವನ್ನು ಕೈಯಲ್ಲಿ ದಾರ ಹಿಡಿದು ಎಳೆಯುತ್ತಾರೆ.

ಟ್ಯೂನಾ ಸ್ಟೇಕ್ ಹೇಳಿ, "ಚೆನ್ನಾಗಿ ಬೇಯಿಸಿ" ಅನ್ನುವುದು ನಮ್ಮವರ ಅಭ್ಯಾಸ. ಬೇಡ. ಪೂರ್ತಿ ಬೆಂದರೆ ಒಣಗಿ ನಾರು ನಾರಾಗುತ್ತದೆ, ನಲವತ್ತೋ ಐವತ್ತೋ ಡಾಲರ್ ಹಾಳು. ಹೊರಗೆ ಸುಟ್ಟು ಒಳಗೆ ಗುಲಾಬಿ ಬಣ್ಣ ಉಳಿದರೇ ಅದರ ರುಚಿ. ಹಸಿ ಅಂದರೆ ಆಗುವುದಿಲ್ಲವಾ? ಆಗ ಸ್ಟೇಕ್ ಬಿಟ್ಟು ಮಸ್ ರಿಹಾ ಕೇಳಿ. ತೆಂಗಿನ ಹಾಲಿನಲ್ಲಿ ಕುದಿಸಿದ ಅಲ್ಲಿಯ ಟ್ಯೂನಾ ಸಾರು, ಜತೆಗೆ ರೋಶಿ ಅನ್ನುವ ತೆಳು ರೊಟ್ಟಿ. ಮೆನುವಿನಲ್ಲಿ ಇಲ್ಲದಿದ್ದರೂ ಹಿಂದಿನ ದಿನ ಹೇಳಿದರೆ ಮಾಡಿಕೊಡುವ ಅಡುಗೆಯವರು ಇರುತ್ತಾರೆ. ನನ್ನ ಕೇಳಿದರೆ ಸ್ಟೇಕಿಗಿಂತ ಅದೇ ಮೇಲು.

ಬಾಯಲ್ಲಿಟ್ಟ ಟ್ಯೂನಾ ಮೆಣಸಿನ ಹಾಗೆ ಚುರ್ ಅಂದರೆ, ಮಸಾಲೆ ಇಲ್ಲದೆಯೂ ಚುರ್ ಅಂದರೆ, ಅಲ್ಲಿಗೇ ನಿಲ್ಲಿಸಿ. ಹಿಡಿದ ಮೇಲೆ ಸರಿಯಾಗಿ ತಣ್ಣಗಿಡದ ಮೀನಿನಲ್ಲಿ ಹಿಸ್ಟಮಿನ್ ಅನ್ನುವ, ಅಲರ್ಜಿಯಂಥ ತೊಂದರೆ ತರುವ ರಾಸಾಯನಿಕ ಸೇರಿರುತ್ತದೆ. ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಮೈ ತುರಿಸಬಹುದು. ಡಾಕ್ಟರಿಗೆ ಹೇಳಿ ಕಳಿಸಿ.

ಲಾಬ್‌ಸ್ಟರ್‌ಗೆ ಬೆಲೆ ಬರೆದಿರುವುದಿಲ್ಲ, ಅಥವಾ 100 ಗ್ರಾಮಿಗೆ ಇಷ್ಟು ಅಂತ ಇರುತ್ತದೆ. 100 ಗ್ರಾಮಿನ ಬೆಲೆ ನೋಡಿ ಖುಷಿ ಪಡಬೇಡಿ. ತೂಕ ಹಾಕುವುದು ಚಿಪ್ಪು, ತಲೆ, ಮೀಸೆ ಸಮೇತ. ನಿಮ್ಮ ಎದುರಿಗೇ ತೂಗಿಸಿ, ಪೂರ್ತಿ ಮೊತ್ತ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಂಡು ಆಮೇಲೆ ಹೂಂ ಅನ್ನಿ. ಅಲ್ಲಿನ ಲಾಬ್‌ಸ್ಟರ್‌ಗೆ ದೊಡ್ಡ ಕೊಂಡಿ ಇರುವುದಿಲ್ಲ, ತಿನ್ನಲು ಸಿಗುವುದು ಬಾಲದ ಮಾಂಸ. ಇಬ್ಬರಿಗೆ ಒಂದು ಸಾಕು. ಬೆಂದು ಬಂದಾಗ ಬಾಲ ಬಿಗಿಯಾಗಿ ಒಳಕ್ಕೆ ಸುರುಳಿ ಸುತ್ತಿದ್ದರೆ ಬೇಯಿಸುವಾಗ ಜೀವ ಇತ್ತು ಅಂತ ಅರ್ಥ. ಸೀಳಿ ಸುಟ್ಟಿದ್ದರೆ ಈ ಗುರುತು ಸಿಗುವುದಿಲ್ಲ, ಆಗ ಮಾಂಸ ನೋಡಿ: ಮೆತ್ತಗೆ ಪುಡಿಯಾದರೆ ವಾಪಸ್ ಕಳಿಸಿ. ಮೊಟ್ಟೆ ಇರುವ ಲಾಬ್‌ಸ್ಟರ್ ಹಿಡಿಯುವುದು ಅಲ್ಲಿ ಕಾನೂನಿಗೆ ವಿರುದ್ಧ, ಅದನ್ನು ವಿಶೇಷ ಅಂತ ಕೇಳಬೇಡಿ.

ಮೀನು ತಿನ್ನದವರು ಜತೆಗಿದ್ದರೆ

"ವೆಜಿಟೇರಿಯನ್" ಅಂದರೆ ಸಾಲದು. ಮಾಲ್ಡೀವ್ಸ್ ಅಡುಗೆಯಲ್ಲಿ ಹೊಗೆ ಹಾಕಿ ಒಣಗಿಸಿದ ಟ್ಯೂನಾ ಚೂರನ್ನು ತೆಂಗಿನಕಾಯಿ ಚಟ್ನಿಯಂಥದ್ದಕ್ಕೂ, ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ರಿಹಾಕುರು ಅಂತ ಕಂದು ಬಣ್ಣದ ಗಟ್ಟಿ ಪೇಸ್ಟ್ ಇದೆ, ಟ್ಯೂನಾ ಬೇಯಿಸಿದ ನೀರನ್ನೇ ಕುದಿಸಿ ಕುದಿಸಿ ಮಾಡಿದ್ದು. ಹಾಗಾಗಿ "ಒಣ ಮೀನಿನ ಪುಡಿ, ರಿಹಾಕುರು, ಫಿಶ್ ಸಾಸ್ ಯಾವುದೂ ಬೇಡ" ಅಂತ ಹೆಸರು ಹಿಡಿದು ಹೇಳಿ. ಪನೀರು, ತರಕಾರಿ ಸುಡುವುದಾದರೆ ಬೇರೆ ಬಾಣಲೆಯಲ್ಲಿ ಮಾಡಿ ಅನ್ನಿ, ಮೀನು ಸುಟ್ಟ ಕಂಬಿಯ ಮೇಲೆ ಬೇಡ. ನಮ್ಮನೆಯವರಿಗೆ ಮುಖ್ಯ ಅಡುಗೆಮನೆಯಿಂದ ದಾಲ್, ಅನ್ನ ತರಿಸಿಕೊಡುತ್ತಾರೆ. ಅವರು ಸಮುದ್ರ ನೋಡಿಕೊಂಡು ದಾಲ್ ತಿನ್ನುತ್ತಾರೆ, ದುಡ್ಡು ಉಳಿಯಿತು ಅಂತ ಖುಷಿ ಅವರಿಗೆ. ಏಡಿ, ಸಿಗಡಿ ಅಲರ್ಜಿ ಇರುವವರು ಮಾತ್ರ ಟೇಬಲ್ ಕಾದಿರಿಸುವಾಗಲೇ ಹೇಳಿ, ಕೂತ ಮೇಲೆ ಶೆಫ್‌ಗೆ ನೇರವಾಗಿ ಇನ್ನೊಮ್ಮೆ ಹೇಳಿ. ದ್ವೀಪದಿಂದ ಆಸ್ಪತ್ರೆ ದೂರ.

ಸೀಫುಡ್ ಬಫೆ ರಾತ್ರಿ ಇದ್ದರೆ ಐಸ್ ಗುಡ್ಡೆಯ ಮೇಲಿನ ಸಿಗಡಿ, ಆಯ್ಸ್ಟರ್ ಕಡೆ ಮೊದಲು ಓಡಬೇಡಿ. ಅವು ಅಲ್ಲಿ ಬಯಲಲ್ಲಿ ಎಷ್ಟು ಹೊತ್ತಿನಿಂದ ಇವೆಯೋ. ಸೀದಾ ಗ್ರಿಲ್ ಹತ್ತಿರ ಹೋಗಿ ಕಣ್ಣೆದುರಿಗೆ ಸುಡಿಸಿಕೊಳ್ಳಿ. ಸಂಜೆ ಮೀನು ಹಿಡಿಯುವ ಟ್ರಿಪ್‌ಗೆ ಹೋಗುವುದಾದರೆ ಹಿಡಿದ ಮೀನನ್ನು ಅಡುಗೆ ಮಾಡಿಕೊಡಲು ಎಷ್ಟು ತಗೊಳ್ಳುತ್ತಾರೆ ಅಂತ ಮೊದಲೇ ಕೇಳಿ.

ಊಟ ಆದ ಮೇಲೆ ಬಿಲ್ಲಿಗೆ ರೂಮ್ ನಂಬರ್ ಹಾಕಿ ಸಹಿ ಕೇಳುತ್ತಾರೆ, ದುಡ್ಡು ಚೆಕ್‌ಔಟ್ ದಿನ. ಕತ್ತಲಲ್ಲಿ ಮೇಣದ ಬತ್ತಿ ಬೆಳಕಿಗೆ ಸಹಿ ಹಾಕಬೇಡಿ, ಫೋನಿನ ಟಾರ್ಚ್ ಹಾಕಿ ಓದಿ. ಕ್ರೆಡಿಟ್ ಕಳೆದಿದ್ದಾರಾ, ಲಾಬ್‌ಸ್ಟರ್ ತೂಕ ಚೀಟಿಯ ಜತೆ ಹೊಂದುತ್ತದಾ, ಕೇಳದ ನೀರಿನ ಬಾಟಲಿ ಸೇರಿದೆಯಾ ನೋಡಿ. ಕೊನೆಯ ದಿನ ಸ್ಪೀಡ್‌ಬೋಟ್ ಕಾಯುತ್ತಿರುವಾಗ ಮೂರು ದಿನದ ಹಿಂದಿನ ಬಿಲ್ ಬಗ್ಗೆ ವಾದ ಮಾಡುವುದು ಕಷ್ಟ. ಸರ್ವೀಸ್ ಚಾರ್ಜ್ ಈಗಾಗಲೇ ಸೇರಿರುವುದರಿಂದ ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಕೊಡುವುದಾದರೆ ಸಣ್ಣ ಡಾಲರ್ ನೋಟು ಇಟ್ಟುಕೊಂಡಿರಿ. ಬಡಿಸಿದವರ ಜತೆಗೆ, ಆ ಕಿವಿರು ತೆರೆದು ತೋರಿಸುವ ಗ್ರಿಲ್ ಹುಡುಗರಿಗೂ ಕೈಯಲ್ಲೇ ಕೊಡಿ.