ಪಿಕ್ಯಾನ್ ತಿನ್ರಿ, ಆದ್ರ ಅದರ ಎಣ್ಣಿ ಕೆಡಗೊಡಬ್ಯಾಡ್ರಿ

ಅಮೆರಿಕಾದಾಗ ಇರೋ ಮಕ್ಕಳು ಊರಿಗೆ ಬರೋವಾಗ ಈಗೀಗ ಅಕ್ರೋಟದಂಥ ಪಿಕ್ಯಾನ್ ಬೀಜದ ಚೀಲ ತರ್ಲಿಕ್ಕತ್ತಾರ. ನಮ್ಮ ವಿಜಯಪುರದಾಗ ಎಷ್ಟೋ ಮನಿಯೊಳಗ ಆ ಚೀಲ, ಬೀಗರು ಬಂದಾಗ ತಗದ್ರಾತು ಅಂತ ಕಪಾಟಿನಾಗ ಹಂಗ ಕೂತಿರ್ತದ. ದಯವಿಟ್ಟು ಹಂಗ ಇಡಬ್ಯಾಡ್ರಿ. 100 ಗ್ರಾಂ ಪಿಕ್ಯಾನ್‌ದಾಗ ಸುಮಾರು 72 ಗ್ರಾಂ ಎಣ್ಣಿನ ಇರ್ತದ. ಏಪ್ರಿಲ್, ಮೇ ತಿಂಗಳಾಗ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟ್ತದ. ಆ ಝಳಕ್ಕ ಬೀಜ ಕಮಟು ಹಿಡಿಲಿಕ್ಕೆ ಬಾಳ ದಿನ ಬೇಕಾಗೂದಿಲ್ಲ. ಈ ಬೀಜದ ಗುಣ ಬಾಳಷ್ಟು ಅದರ ಎಣ್ಣಿಯೊಳಗ ಅದ, ಎಣ್ಣಿ ಕೆಟ್ಟಿಂದ ಏನು ತಿಂದು ಏನು ಉಪಯೋಗ?

ಚೀಲ ಬಂದ ದಿನಾನ ಬೀಜ ಗಾಜಿನ ಬರಣಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಾಗ ಇಡ್ರಿ. ಬಳ್ಳೊಳ್ಳಿ, ಉಳ್ಳಾಗಡ್ಡಿ ಹೆಚ್ಚಿಟ್ಟದ್ದರ ಮಗ್ಗಲಕ ಮುಚ್ಚದ ಇಟ್ರ ಆ ವಾಸನಿ ಎಲ್ಲಾ ಎಳಕೊಂಡು ಬಿಡ್ತದ. ಬಾಳ ಇದ್ರ ಎರಡು ಪಾಲು ಮಾಡಿ ಒಂದನ್ನ ಫ್ರೀಜರ್‌ಗೆ ಹಾಕ್ರಿ, ವರ್ಷದ ಮ್ಯಾಲೂ ಚಲೋ ಇರ್ತದ. ಫ್ರೀಜರ್‌ನಿಂದ ತಗದ ಡಬ್ಬಿ ಆ ಕ್ಷಣಕ್ಕ ತೆರಿಬ್ಯಾಡ್ರಿ. ತಂಪು ಹೋಗೋತನಕ ಹೊರಗ ಇಟ್ಟು ಆಮ್ಯಾಲೆ ತೆರೀರಿ, ಇಲ್ಲಾಂದ್ರ ನೀರಿನ ಹನಿ ಕೂತು ಬೀಜ ಮೆತ್ತಗಾಗ್ತದ, ಬೂಸ್ಟು ಬರ್ತದ. ಬೂಸ್ಟು ಬಂದದ್ದು, ಕಹಿ ಆದದ್ದು ಕಂಡ್ರ ಚೆಲ್ರಿ. ತುಟ್ಟಿ ಬೀಜ ಅಂತ ಮರುಗಿ, ಹುರದು ಉಂಡಿಯೊಳಗ ಕಲಸಿಬಿಡೋ ವಿಚಾರ ಮಾತ್ರ ಮಾಡಬ್ಯಾಡ್ರಿ, ಬೂಸ್ಟಿನ ವಿಷ ಹುರದ್ರ ಹೋಗೂದಿಲ್ಲ.

ಪಿಕ್ಯಾನ್ ನಮ್ಮ ಅಕ್ರೋಟದ ಕುಲದ್ದ, ಆದ್ರ ಸ್ವಲ್ಪ ಉದ್ದ, ಅಕ್ರೋಟದಷ್ಟು ಒಗರಿಲ್ಲ, ತಿಂದ್ರ ಸಿಹಿ ಹತ್ತತದ. ಮೂಲ ಮಿಸಿಸಿಪ್ಪಿ ನದಿ ಬಯಲು, ಟೆಕ್ಸಾಸ್, ಮೆಕ್ಸಿಕೋ ಕಡೆದು. ಟೆಕ್ಸಾಸ್‌ದವರು 1919ರಾಗ ಇದನ್ನ ತಮ್ಮ ರಾಜ್ಯದ ಮರ ಅಂತ ಮಾಡ್ಕೊಂಡಾರ. ನಮ್ಮ ದ್ರಾಕ್ಷಿ ಬೆಳಿಗಾರರು ಕಸಿ ಕಟ್ಟೋ ಡಾಗ್ರಿಜ್ ಬೇರೂ ಅದ ಟೆಕ್ಸಾಸಿನ ಕಾಡು ಬಳ್ಳಿದು. ಅದಕ್ಕ ಪಿಕ್ಯಾನ್ ಜೋಡಿ ನಮ್ಮ ಒಣದ್ರಾಕ್ಷಿ ಕೊಡೂದು ನನಗ ಬಾಳ ಸೇರ್ತದ.

ಆ ಎಣ್ಣಿ ಎಂಥಾದ್ದು ಅಂತ ಕೇಳ್ರಿ. ಹೆಚ್ಚಿನ ಪಾಲು ಓಲಿಕ್ ಆಮ್ಲ ಅನ್ನೋ ಚಲೋ ಕೊಬ್ಬು, ಶೇಂಗಾ ಎಣ್ಣಿಯೊಳಗೂ ಅದ ಹೆಚ್ಚು. ಡಾಲ್ಡಾ, ಬೆಣ್ಣಿ, ಕರದ ತಿಂಡಿ ಕಡಿಮಿ ಮಾಡಿ ಆ ಜಾಗಾದಾಗ ಇಂಥ ಬೀಜ ತಿಂದ್ರ ಕೆಟ್ಟ ಕೊಲೆಸ್ಟ್ರಾಲ್ ಇಳೀತದ. ಅಮೆರಿಕಾದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2003ರಾಗ, ಪಿಕ್ಯಾನ್ ಸೇರಿ ಕೆಲವು ಬೀಜಗಳ ಪೊಟ್ಟಣದ ಮ್ಯಾಲೆ ‘ದಿನಾ ಸುಮಾರು 42 ಗ್ರಾಂ ತಿಂದ್ರ ಹೃದ್ರೋಗದ ಅಪಾಯ ಕಡಿಮಿ ಆಗಬಹುದು’ ಅಂತ ಬರಿಲಿಕ್ಕೆ ಒಪ್ಪಿತು. ‘ಇದು ಪೂರಾ ಸಾಬೀತಾಗಿಲ್ಲ’ ಅನ್ನೂದನ್ನೂ ಕೂಡೇ ಬರೀಬೇಕು ಅಂತ ಹೇಳ್ತು. ಅದಕ್ಕ ಇದನ್ನ ಗುಳಗಿ ಬದಲಿ ಅಂತ ತಿಳಿಬ್ಯಾಡ್ರಿ, ಡಾಕ್ಟರ್ ಕೊಟ್ಟದ್ದು ನಡೀಲಿ. ಮ್ಯಾಂಗನೀಸ್, ತಾಮ್ರ, ಸತು, ಮೆಗ್ನೀಷಿಯಂ ಚಲೋ ಅವ. ಪ್ರೋಟೀನ್ ಮಾತ್ರ 100 ಗ್ರಾಂಗೆ 9 ಗ್ರಾಂ ಅಷ್ಟ, ಶೇಂಗಾದಾಗ 25 ಗ್ರಾಂ ಅದ. ಒಮೆಗಾ-3 ಅನ್ನೋ ಇನ್ನೊಂದು ಥರದ ಚಲೋ ಕೊಬ್ಬು ಬೇಕಂದ್ರ ಅಗಸಿ ಹಿಂಡಿನ (ಚಟ್ನಿಪುಡಿ) ಮೇಲು. ಹಿಂಗಾಗಿ ಪಿಕ್ಯಾನ್ ಬಂತು ಅಂತ ಶೇಂಗಾ ಹಿಂಡಿ, ಅಗಸಿ ಹಿಂಡಿ ಬಿಡಬ್ಯಾಡ್ರಿ. ಮನ್ಯಾಗ ಇಲ್ಲಾಂದ್ರ ರೊಕ್ಕ ಸುರಿದು ತರೋ ಜರೂರೂ ಇಲ್ಲ.

ದೊಡ್ಡವರಿಗೆ ದಿನಕ್ಕ 19–20 ಅರ್ಧ ಹೋಳು ಸಾಕು, ಅದ 28 ಗ್ರಾಂ ಆಗ್ತದ, ಸುಮಾರು 200 ಕ್ಯಾಲೊರಿ. ಸಂಜಿ ಚಾದ ಜೋಡಿ ಖಾರಿ, ಬಿಸ್ಕೀಟ್ ತಿನ್ನೋ ರೂಢಿ ಇದ್ರ ಅದನ್ನ ಬಿಟ್ಟು ಇದನ್ನ ತಿನ್ರಿ. ಚೂಡಾ, ಭಜಿ ತಿಂದು ಮ್ಯಾಲೆ ಇದನ್ನೂ ತಿಂದ್ರ ತೂಕ ಏರ್ತದ. ಸಕ್ಕರಿ ಕಾಯಿಲೆ ಇದ್ದವರಿಗೂ ನಡೀತದ. 100 ಗ್ರಾಂದಾಗ ಸಕ್ಕರಿ 4 ಗ್ರಾಂ, ನಾರು 10 ಗ್ರಾಂದ ಹತ್ರ. ಆದ್ರ ಸಕ್ಕರಿ ಪಾಕ ಸವರಿದ್ದು ಕೊಡಬ್ಯಾಡ್ರಿ.

ಹುರಿಯೂದಾದ್ರ ಎಣ್ಣಿ ಹಾಕದ ಸಣ್ಣ ಉರಿ ಮ್ಯಾಲೆ ಕೈಯಾಡಸ್ರಿ, ಘಮ ಬಂದ ಕೂಡಲೇ ತಾಟಿಗೆ ಸುರೀರಿ, ಬಿಸಿ ಬಾಣಲಿಯೊಳಗ ಬಿಟ್ರ ಹೊತ್ತತದ. ಗೋಕಾಕ, ಅಮೀನಗಡದ ಥರ ಮನ್ಯಾಗ ಕರದಂಟು ಮಾಡೋವರು ಬದಾಮಿನ ಅರ್ಧ ಪಾಲಿಗೆ ಪಿಕ್ಯಾನ್ ಹಾಕಿ ನೋಡ್ರಿ, ಬೆಲ್ಲಕ್ಕ ಬಾಳ ಛಂದ ಹೊಂದತದ. ಬಳ್ಳೊಳ್ಳಿ, ಖಾರಪುಡಿ, ಜೀರಗಿ, ಉಪ್ಪು ಕೂಡಿಸಿ ಹಿಂಡಿನೂ ಮಾಡಬಹುದು. ಮಿಕ್ಸರ್ ಬಿಟ್ಟು ಬಿಟ್ಟು ತಿರುಗಸ್ರಿ, ಒಂದೇ ಸವನ ತಿರುಗಿಸಿದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತದ. ಪುಡಿ ಮಾಡಿದ್ದು ಇಡಿ ಬೀಜಕಿಂತ ಲಗೂನ ಕೆಡ್ತದ, ಒಂದು ವಾರಕ್ಕ ಆಗೋವಷ್ಟ ಮಾಡ್ರಿ. ಬಿಸಿ ಜ್ವಾಳದ ರೊಟ್ಟಿ, ಗಟ್ಟಿ ಮೊಸರು, ಮ್ಯಾಲೆ ಈ ಹಿಂಡಿ, ಮತ್ತೇನೂ ಬ್ಯಾಡ.

ಅಕ್ರೋಟ ಒಗ್ಗದವರು ಪಿಕ್ಯಾನ್ ಮುಟ್ಟಬ್ಯಾಡ್ರಿ. ತುಟಿ ಬಾತ್ರ, ಉಸಿರು ಕಟ್ಟಿದಂಗಾದ್ರ ಮನಿಮದ್ದು ನೋಡ್ಕೋತ ಕೂಡದ ದವಾಖಾನಿಗೆ ಓಡ್ರಿ. ಐದು ವರ್ಷದೊಳಗಿನ ಕೂಸುಗಳಿಗೆ ಇಡಿ ಬೀಜ ಕೊಟ್ರ ಗಂಟಲಿಗೆ ಸಿಕ್ಕೊಳ್ತದ. ಅವಕ್ಕ, ಮತ್ತ ಹಲ್ಲಿಲ್ಲದ ಹಿರಿಯರಿಗೆ ನುಣ್ಣಗ ಪುಡಿ ಮಾಡಿ ರವಾ ಗಂಜಿಯೊಳಗ ಒಂದು ಚಮಚ ಕಲಸಿ ಕೊಡ್ರಿ.