ಹಂಚಿದ ಅರೇಯಲ್ಲಿ 7ನೇ ಮನೆ ಯಾರ ಹತ್ತಿರ ಇದೆ?

ಕೊಡಗಿನ ಮಳೆ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಪಶ್ಚಿಮದ ಭಾಗಮಂಡಲದಿಂದ ಪೂರ್ವದ ಕುಶಾಲನಗರದವರೆಗೆ ನೆಲವನ್ನು 10 ಪಟ್ಟಿ ಮಾಡಿ, ಪಟ್ಟಿಗೊಂದರಂತೆ ಅರೇಯಲ್ಲಿ (ಬೆಲೆಗಳನ್ನು ಸಾಲಾಗಿ ಇಡುವ ಮನೆಗಳ ಸಾಲು) ಮನೆ ಕೊಟ್ಟಿದ್ದೀರಿ, 0ಯಿಂದ 9ರವರೆಗೆ. ನಿಜವಾದ ಕೆಲಸದಲ್ಲಿ ಮನೆಗಳು ಕೋಟಿಗಟ್ಟಲೆ ಇರುತ್ತವೆ, ಒಂದು ಕಂಪ್ಯೂಟರಿನ ಮೆಮೊರಿಗೆ ಹಿಡಿಸುವುದಿಲ್ಲ, ಅದಕ್ಕೇ ಹಂಚುವುದು. ನಾವು ಒಟ್ಟಿಗೆ ಓಡುವ 4 ಪ್ರೊಸೆಸ್‌ಗಳಿಗೆ ಹಂಚೋಣ. ಎಂಪಿಐ (ಪ್ರೊಸೆಸ್‌ಗಳು ಒಂದಕ್ಕೊಂದು ಸಂದೇಶ ಕಳಿಸಿಕೊಳ್ಳುವ ವ್ಯವಸ್ಥೆ) ಬಳಸಿದರೆ ಯಾವ ಮನೆ ಯಾರ ಹತ್ತಿರ ಇದೆ ಎಂಬ ಲೆಕ್ಕ ಇಡುವುದು ನಿಮ್ಮದೇ ಕೆಲಸ.

ಮೊದಲು ಭಾಗಾಕಾರ. 10ನ್ನು 4ರಿಂದ ಭಾಗಿಸಿದರೆ 2, ಶೇಷ 2. ಈ ಶೇಷವನ್ನು ಕೊನೆಯ ಪ್ರೊಸೆಸ್‌ನ ತಲೆಗೆ ಕಟ್ಟಬೇಡಿ, ಅದು ಮುಗಿಸುವ ತನಕ ಉಳಿದವು ಸುಮ್ನೆ ಕಾಯುತ್ತವೆ. ಮೊದಲ ಎರಡಕ್ಕೆ ಒಂದೊಂದು ಜಾಸ್ತಿ ಕೊಡಿ: 3, 3, 2, 2. ಆಗ ಅವುಗಳ ಪಾಲು ಶುರುವಾಗುವುದು 0, 3, 6, 8ರಲ್ಲಿ. ಪ್ರತಿ ಪ್ರೊಸೆಸ್‌ಗೂ 0ಯಿಂದ 3ರವರೆಗೆ ಒಂದು ನಂಬರು ಇರುತ್ತದೆ, ಅದೇ ರ‍್ಯಾಂಕ್. ಸೂತ್ರ ಇಷ್ಟೇ: ರ‍್ಯಾಂಕನ್ನು ಭಾಗಲಬ್ಧದಿಂದ ಗುಣಿಸಿ, ರ‍್ಯಾಂಕ್ ಮತ್ತು ಶೇಷ ಎರಡರಲ್ಲಿ ಯಾವುದು ಚಿಕ್ಕದೋ ಅದನ್ನು ಕೂಡಿಸಿ.

ಈಗ 7ನೇ ಮನೆ. ಅದು 6ಕ್ಕೂ 8ಕ್ಕೂ ನಡುವೆ ಇದೆ, ಅಂದರೆ ರ‍್ಯಾಂಕ್ 2ರದ್ದು. 7ರಲ್ಲಿ 6 ಕಳೆದರೆ 1. ಇಡೀ ಅರೇಗೆ ಅದು 7, ಆ ಪ್ರೊಸೆಸ್‌ನ ಒಳಗೆ 1.

ಕಷ್ಟ ಇರುವುದು ಮುಂದೆ. ಅಕ್ಕಪಕ್ಕದ ಪಟ್ಟಿಗಳ ಸರಾಸರಿ ಬೇಕಾದರೆ ರ‍್ಯಾಂಕ್ 2ಕ್ಕೆ 5 ಮತ್ತು 8 ಬೇಕು, ಎರಡೂ ಅದರ ಹತ್ತಿರ ಇಲ್ಲ. ಅದಕ್ಕೆ ಎರಡೂ ತುದಿಯಲ್ಲಿ ಒಂದೊಂದು ಗೋಸ್ಟ್ ಸೆಲ್, ಅಂದರೆ ಪಕ್ಕದವರ ಬೆಲೆಯ ನಕಲಿಗೆ ಒಂದು ಹೆಚ್ಚಿನ ಮನೆ, ಇಟ್ಟು, ಪ್ರತಿ ಸುತ್ತಿಗೂ ಮೊದಲು ಪಕ್ಕದವರಿಂದ ಬೆಲೆ ತರಿಸಿಕೊಳ್ಳಬೇಕು. ಹಾಗೆ ಮಾಡಿದ ಕೂಡಲೇ ಒಳಗಿನ ಇಂಡೆಕ್ಸ್ (ಮನೆಯ ನಂಬರು) ಎಲ್ಲ ಒಂದೊಂದು ಮುಂದಕ್ಕೆ ಹೋಗುತ್ತದೆ, 7ನೇ ಮನೆ ಈಗ ಒಳಗೆ 2. ಇದನ್ನು ಮರೆತರೆ ಪ್ರೋಗ್ರಾಂ ನಿಲ್ಲದೇ ಇರಬಹುದು, ತಪ್ಪು ಉತ್ತರ ಮಾತ್ರ ಕೊಡುತ್ತದೆ, ಅದೇ ಅಪಾಯ ಅಲ್ವಾ. ಹಾಗಾಗಿ ಹೊರಗಿನ, ಅಂದರೆ ಇಡೀ ಅರೇಯ, ನಂಬರನ್ನು ಒಳಗಿನದಕ್ಕೆ ಬದಲಾಯಿಸುವ ಲೆಕ್ಕವನ್ನು ಒಂದೇ ಫಂಕ್ಷನ್‌ನಲ್ಲಿ ಇಡಿ, ಬೇರೆಲ್ಲೂ ಕೈಯಾರೆ ಕೂಡಿ ಕಳೆಯಬೇಡಿ. ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅರೇ ಸಾಮಾನ್ಯವಾಗಿ 1ರಿಂದ ಶುರು, ಎಂಪಿಐ ರ‍್ಯಾಂಕ್ ಮಾತ್ರ ಅಲ್ಲೂ 0ಯಿಂದಲೇ.

ಮಳೆ ಬಿದ್ದ ಕಡೆ ಮಾತ್ರ ಲೆಕ್ಕ ಜಾಸ್ತಿ ಇದ್ದರೆ ಭಾಗಮಂಡಲದ ಪಾಲಿನ ಪ್ರೊಸೆಸ್ ಒದ್ದಾಡುತ್ತದೆ, ಕುಶಾಲನಗರದ್ದು ಬೇಗ ಮುಗಿಸಿ ಕೂರುತ್ತದೆ. ಆಗ ಸರದಿಯಂತೆ ಒಂದೊಂದೇ ಹಂಚಬಹುದು: ನಂಬರನ್ನು 4ರಿಂದ ಭಾಗಿಸಿದಾಗ ಬರುವ ಶೇಷವೇ ರ‍್ಯಾಂಕ್, ಭಾಗಲಬ್ಧವೇ ಒಳಗಿನ ಇಂಡೆಕ್ಸ್. 7 ಈಗ ರ‍್ಯಾಂಕ್ 3ರಲ್ಲಿ, ಒಳಗೆ 1. ಆದರೆ ಪಕ್ಕದ ಪಟ್ಟಿ ಯಾವಾಗಲೂ ಬೇರೆಯವರ ಹತ್ತಿರವೇ ಇರುತ್ತದೆ, ತರಿಸುವ ಖರ್ಚು ಏರುತ್ತದೆ. ಸರಾಸರಿಯಂಥ ಕೆಲಸಕ್ಕೆ ನಾನಂತೂ ಇದನ್ನು ಹೇಳುವುದಿಲ್ಲ.

ಮಳೆಯ ಅಂಕಿ ತುಂಬುವ ಮೊದಲು ಪ್ರತಿ ಮನೆಗೂ ಅದರ ಹೊರಗಿನ ನಂಬರನ್ನೇ ತುಂಬಿ, ಒಂದು ಸಲ ಗೋಸ್ಟ್ ಸೆಲ್ ತರಿಸಿ, ಪ್ರಿಂಟ್ ಮಾಡಿ. ರ‍್ಯಾಂಕ್ 2ರಲ್ಲಿ 5, 6, 7, 8 ಎಂದು ಬಂದರೆ ಮುಂದುವರಿಯಿರಿ.